ಬಹುಮಾದರಿ ಸರಕು ಸಾಗಣೆ: ದತ್ತಸಂಚಯದಲ್ಲಿ ದಾಖಲಿಸುವ ಬಗೆ

ಚಿಕ್ಕಮಗಳೂರಿನ ಕಾಫಿ ಬೀಜವು ಜರ್ಮನಿಯ ಹ್ಯಾಂಬರ್ಗ್ ಬಂದರನ್ನು ಮುಟ್ಟುವ ಮುನ್ನ ಲಾರಿ, ರೈಲು, ಹಡಗು ಈ ಮೂರನ್ನೂ ಏರಬೇಕಾಗಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಒಳನಾಡು ಕಂಟೇನರ್ ಡಿಪೋ ಆರಂಭವಾದಂದಿನಿಂದ, ಕಡಲಿಲ್ಲದ ಊರಿನಲ್ಲಿಯೇ ಸುಂಕದ ತಪಾಸಣೆ ಮುಗಿಸಿ, ಮೊಹರು ಮಾಡಿದ ಕಂಟೇನರನ್ನು ಬಂದರಿಗೆ ಕಳುಹಿಸುವ ಅನುಕೂಲ ದೊರೆತಿದೆ. ಹೀಗೆ ಒಂದೇ ಕರಾರಿನ ಮೇಲೆ ಎರಡು ಅಥವಾ ಹೆಚ್ಚು ಬಗೆಯ ಸಾಧನಗಳಿಂದ ನಡೆಯುವ ಸಾಗಣೆಯನ್ನು ಬಹುಮಾದರಿ ಸಾಗಣೆ ಎನ್ನುತ್ತಾರೆ.

ಹ್ಯಾಂಬರ್ಗಿನಲ್ಲಿ ಕಂಟೇನರ್ ತೆರೆದಾಗ ಚೀಲಗಳು ನೆನೆದಿದ್ದವೆಂದು ಭಾವಿಸೋಣ. ನೀರು ಒಳಹೊಕ್ಕಿದ್ದು ಲಾರಿಯಲ್ಲೋ, ರೈಲಿನಲ್ಲೋ, ಹಡಗಿನಲ್ಲೋ? ಪರಿಹಾರದ ಮಿತಿ ಈ ಉತ್ತರವನ್ನು ಅವಲಂಬಿಸಿದೆ. ಭಾರತದಿಂದ ಹೊರದೇಶಕ್ಕೆ ಹೋಗುವ ಇಂತಹ ಸಾಗಣೆಗೆ ಅನ್ವಯಿಸುವ 1993ರ ಅಧಿನಿಯಮದ ಪ್ರಕಾರ, ಸರಕಿನ ಸ್ವರೂಪ ಮತ್ತು ಮೌಲ್ಯವನ್ನು ಮೊದಲೇ ಘೋಷಿಸಿರದಿದ್ದಲ್ಲಿ, ನಷ್ಟವಾದ ಹಂತ ತಿಳಿದಿದ್ದರೆ ಆ ಹಂತದ ವಾಹನಕ್ಕೆ ಸಂಬಂಧಿಸಿದ ಕಾನೂನು ಮಿತಿಯನ್ನು ನಿರ್ಧರಿಸುತ್ತದೆ. ಹಂತ ತಿಳಿಯದಿದ್ದರೆ, ಸಮುದ್ರ ಮಾರ್ಗವೂ ಸೇರಿದ ಸಾಗಣೆಯಲ್ಲಿ ಕಿಲೋಗೆ 2 ಅಥವಾ ಪ್ರತಿ ಪೊಟ್ಟಣಕ್ಕೆ 666.67 ಎಸ್.ಡಿ.ಆರ್., ಇವುಗಳಲ್ಲಿ ಹೆಚ್ಚಿನದೇ ಮಿತಿ. ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ.

ಆದ್ದರಿಂದ "ಸರಕು ಈಗ ಎಲ್ಲಿದೆ?" ಎಂಬುದಕ್ಕೆ ಮಾತ್ರ ಉತ್ತರಿಸುವ ದತ್ತಸಂಚಯ ಸಾಲದು. 'ಈಗಿನ ಸ್ಥಳ' ಎಂಬ ಒಂದೇ ಅಂಕಣವಿದ್ದರೆ, ಚೆನ್ನೈ ಎಂದು ಬರೆದೊಡನೆ ಬೆಂಗಳೂರು ಅಳಿದುಹೋಗುತ್ತದೆ. ನಾಳೆ ಬೇಕಾಗುವ ಸಾಕ್ಷ್ಯವೇ ಅದು! ರವಾನೆ, ಕಂಟೇನರ್, ಹಂತ, ಘಟನೆ ಇವುಗಳಿಗೆ ಪ್ರತ್ಯೇಕ ಕೋಷ್ಟಕಗಳಿರಬೇಕು. ಪ್ರತಿಯೊಂದು ಹಸ್ತಾಂತರವೂ ಹೊಸ ಸಾಲಾಗಿ ಸೇರಬೇಕು. ಹಳೆಯ ಸಾಲನ್ನು ತಿದ್ದಕೂಡದು. ಕೊಟ್ಟವರು, ಪಡೆದವರು, ದಿನಾಂಕ, ವೇಳೆ, ಮೊಹರಿನ ಸಂಖ್ಯೆ, ಕಂಟೇನರಿನ ಹೊರಸ್ಥಿತಿ ಇವೆಲ್ಲ ಆ ಸಾಲಿನಲ್ಲಿರಬೇಕು. ವೇಳೆಯೊಡನೆ ಯಾವ ದೇಶದ ವೇಳೆಯೆಂಬುದನ್ನೂ ನಮೂದಿಸುವುದು ಒಳ್ಳೆಯದು.

ಕಂಟೇನರ್ ಸಂಖ್ಯೆಯೊಂದನ್ನೇ ಗುರುತಾಗಿ ಹಿಡಿದರೆ ತೊಡಕಾಗುತ್ತದೆ. ಅದೇ ಕಂಟೇನರ್ ಇಂದು ಕಾಫಿಯನ್ನು ಹೊತ್ತು ಹೋಗಿ, ಕೆಲವು ತಿಂಗಳಲ್ಲಿ ಯಂತ್ರದ ಬಿಡಿಭಾಗಗಳೊಡನೆ ಮರಳಬಹುದು. ಒಂದು ಕಂಟೇನರಿನಲ್ಲಿ ಹಲವರ ಸರಕು, ಒಬ್ಬರ ಸರಕು ಹಲವು ಕಂಟೇನರುಗಳಲ್ಲಿ ಇರುವುದೂ ಉಂಟು. ಆದಕಾರಣ ರವಾನೆ ಸಂಖ್ಯೆ, ಕಂಟೇನರ್ ಸಂಖ್ಯೆ, ಹಂತದ ಕ್ರಮಾಂಕ ಮೂರೂ ಸೇರಿ ಒಂದು ದಾಖಲೆಯನ್ನು ಗುರುತಿಸಬೇಕು. ಅಂತರರಾಷ್ಟ್ರೀಯ ಮಾನಕದಂತೆ ಕಂಟೇನರ್ ಸಂಖ್ಯೆಯಲ್ಲಿ ನಾಲ್ಕು ರೋಮನ್ ಅಕ್ಷರ, ಆರು ಅಂಕಿ, ಕೊನೆಗೆ ಒಂದು ತಾಳೆ ಅಂಕಿ ಇರುತ್ತವೆ. ಮೊದಲ ಹತ್ತರಿಂದ ಲೆಕ್ಕ ಹಾಕಿ ತಾಳೆ ಅಂಕಿಯನ್ನು ಪರೀಕ್ಷಿಸಿದರೆ, ಬರೆಯುವಾಗ ಆದ ತಪ್ಪು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ 2016ರಲ್ಲಿ ಆರಂಭವಾದ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್, ಕಂಟೇನರಿಗೆ ಅಂಟಿಸಿದ ರೇಡಿಯೋ ಪಟ್ಟಿಯನ್ನು ದ್ವಾರಗಳಲ್ಲಿ ಓದಿ ಅದರ ಸಂಚಾರವನ್ನು ತಿಳಿಸುತ್ತದೆ. ಪಟ್ಟಿ ಕಂಟೇನರ್ ಸಾಗಿದ್ದನ್ನು ಹೇಳೀತೇ ಹೊರತು ಬಾಗಿಲಿನ ರಬ್ಬರ್ ಹರಿದಿದ್ದನ್ನು ಹೇಳಲಾರದು. ಅದನ್ನು ಕಣ್ಣಾರೆ ಕಂಡವರೇ ಬರೆಯಬೇಕು. ಹೊರಗೆ ಕಾಣದ ಹಾನಿಯಾಗಿದ್ದರೆ, ಸರಕು ಪಡೆದ ದಿನದ ನಂತರದ 6 ದಿನಗಳೊಳಗೆ ಲಿಖಿತ ಸೂಚನೆ ನೀಡಬೇಕೆಂದು ಅದೇ ಅಧಿನಿಯಮ ವಿಧಿಸುತ್ತದೆ. ಸೂಚನೆಯ ದಿನಾಂಕಕ್ಕೂ ಕೋಷ್ಟಕದಲ್ಲಿ ಒಂದು ಅಂಕಣವಿರಲಿ.