ಎಲೆ, ಕುಂಬಳಕಾಯಿಯೂ ಪಾಠವೇ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರೇ, ಅಕ್ಟೋಬರ್‌ನಲ್ಲಿ ಒಂದು ವಾರ ನಿಮ್ಮ ಒಂದನೇ ತರಗತಿಯ ಮಗು ಬರೀ ಎಲೆ, ಸೇಬು, ಕುಂಬಳಕಾಯಿ ಎನ್ನುತ್ತಾ ಮನೆಗೆ ಬಂದರೆ, ‘ಪಾಠ ಯಾವಾಗ ಮಾಡ್ತಾರೆ?’ ಎಂದು ಕೇಳಬೇಡಿ. ಅದೇ ಪಾಠ. ಕುಂಬಳಕಾಯಿಯ ಬೀಜಗಳನ್ನು ಹತ್ತತ್ತರ ಗುಡ್ಡೆ ಮಾಡಿ ಎಣಿಸುವಾಗ ಹತ್ತು, ನೂರರ ಸ್ಥಾನಬೆಲೆ ಮಗುವಿನ ಕೈಗೇ ಸಿಗುತ್ತದೆ. ಎಣಿಸುವ ಮೊದಲು ಅಂದಾಜು ಹೇಳಿಸುತ್ತಾರಲ್ಲ, ಅದು ನನಗೆ ಬಹಳ ಮೆಚ್ಚುಗೆ.

ಎಲೆಯ ಸಂಗತಿ ಇನ್ನೂ ಚೆಂದ. ಹಗಲು ಕಿರಿದಾದಂತೆ ಮೇಪಲ್ ಎಲೆಯ ಹಸಿರು ಪತ್ರಹರಿತ್ತು ಕರಗುತ್ತಾ ಹೋಗುತ್ತದೆ. ಹಳದಿ, ಕಿತ್ತಳೆ ಬೇಸಿಗೆಯಲ್ಲೂ ಒಳಗೇ ಇದ್ದವು, ಈಗ ಕಾಣುತ್ತವೆ ಅಷ್ಟೇ. ಕೆಂಪು ಮಾತ್ರ ಎಲೆಯಲ್ಲಿ ಉಳಿದ ಸಕ್ಕರೆಯ ನೆರವಿನಿಂದ ಆಗ ಹೊಸದಾಗಿ ತಯಾರಾಗುತ್ತದೆ. ಮನೆಯಲ್ಲೂ ತೋರಿಸಬಹುದು: ಇನ್ನೂ ಹಸಿರಾಗಿರುವ ಎಲೆಯನ್ನು ಚೂರು ಮಾಡಿ ಲೋಟಕ್ಕೆ ಹಾಕಿ, ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಮುಳುಗಿಸಿ, ಆ ಲೋಟವನ್ನು ನಲ್ಲಿಯ ಬಿಸಿನೀರಿನ ಬಟ್ಟಲಲ್ಲಿಡಿ. ದ್ರವ ಹಸಿರಾದ ಮೇಲೆ ಕಾಫಿ ಫಿಲ್ಟರ್ ಕಾಗದದ ಪಟ್ಟಿ ಇಳಿಬಿಟ್ಟರೆ ಬಣ್ಣಗಳು ಬೇರೆಬೇರೆಯಾಗಿ ಏರುತ್ತವೆ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ, ಆಲ್ಕೋಹಾಲ್ ನಿಮ್ಮ ಕೈಯಲ್ಲೇ ಇರಲಿ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದನ್ನು ಮಗು ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲೇ ಹೇಳಲಿ. ತಡವರಿಸಿದರೂ ತಿದ್ದಲು ಹೋಗಬೇಡಿ.

ಎಲೆರಾಶಿಯಲ್ಲಿ ಹಾರಿ ಕುಣಿಯಲು ಬಿಡಿ. ಆದರೆ ಅಲ್ಲಿ ಲೈಮ್ ಕಾಯಿಲೆ ಹರಡುವ ಉಣುಗು ಇರಬಹುದು. ಒಳಗೆ ಬಂದ ಕೂಡಲೇ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಸುತ್ತ, ಕೂದಲ ಬುಡ ನೋಡಿ, ಸ್ನಾನ ಮಾಡಿಸಿ.