ವಿಮಾನ ಕಾಯುವ ಹೊತ್ತಲ್ಲ ಅದು

ಮಗೂ, ಕಳೆದ ಭಾನುವಾರ ಊಟಕ್ಕೆ ಬಂದಾಗ ನೀನು ಕ್ರಯೋನಿಕ್ಸ್ ಸಂಸ್ಥೆಯ ಅರ್ಜಿ ತರಿಸಿಕೊಂಡಿದ್ದೇನೆ ಎಂದೆ. ನಿನ್ನತ್ತೆ ತಟ್ಟೆ ಬಿಟ್ಟು ಎದ್ದಳು. ಆ ಹೊತ್ತಿಗೆ ನಾನೇನೂ ಹೇಳಲಿಲ್ಲ. ಸತ್ತ ಮೇಲೆ ದೇಹವನ್ನು ಶೈತ್ಯದಲ್ಲಿ ಕಾದಿಟ್ಟರೆ ಮುಂದೊಂದು ಕಾಲದ ವೈದ್ಯ ಎಬ್ಬಿಸಿಯಾನು ಎಂದು ನಂಬುವುದು ನಿನಗೆ ಬಿಟ್ಟದ್ದು. 1967ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಜೇಮ್ಸ್ ಬೆಡ್‌ಫರ್ಡ್ ಅವರನ್ನು ಮೊದಲಿಗೆ ಹಾಗೆ ಇಟ್ಟರು. ಅಲ್ಲಿಂದೀಚೆಗೆ ಒಬ್ಬರೂ ಎದ್ದು ಬಂದಿಲ್ಲ. ಇದು ನಿನಗೂ ಗೊತ್ತು. ನಂಬಿಕೆಯ ಮೇಲೆ ನನ್ನ ವಾದವಿಲ್ಲ, ದಾರಿಯ ಬಗ್ಗೆ ಹೇಳುವುದಿದೆ.

ನಾವಿರುವುದು ಇಂಗ್ಲೆಂಡಿನಲ್ಲಿ. ನೀನು ಸೇರಲು ಹೊರಟ ಸಂಸ್ಥೆ ಅಮೆರಿಕದ ಮಿಷಿಗನ್‌ನಲ್ಲಿ. ಉಸಿರು ನಿಂತ ಕೂಡಲೇ ದೇಹವನ್ನು ತಣ್ಣಗಾಗಿಸಬೇಕು, ಒಳಗಿನ ನೀರು ಹರಳುಗಟ್ಟದಂತೆ ರಕ್ತದ ಜಾಗಕ್ಕೆ ಬೇರೆ ದ್ರವ ತುಂಬಬೇಕು, ಡ್ರೈ ಐಸ್ ಪೆಟ್ಟಿಗೆಯಲ್ಲಿಟ್ಟು, ಕಾಗದಪತ್ರ ಮಾಡಿಸಿ, ವಿಮಾನಕ್ಕೆ ಏರಿಸಬೇಕು. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸಿಗುವುದು ಅಲ್ಲಿ ಸೇರಿದ ಮೇಲೆ. ಅದರೊಳಗೆ ಇಳಿದ ದೇಹಕ್ಕೆ ನೂರು ವರ್ಷವಾದರೂ ಅವಸರವಿಲ್ಲ. ಅವಸರವೆಲ್ಲ ಮೊದಲ ಗಂಟೆಗಳದ್ದು, ಆಮೇಲೆ ಪ್ರಯಾಣದ್ದು. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಅನಿಲವಾಗಿ ಹೋಗಿಬಿಡುತ್ತದೆ. ಪೆಟ್ಟಿಗೆ ಗೋದಾಮಿನಲ್ಲಿ ಉಳಿದಷ್ಟು ದಿನವೂ ಯಾರಾದರೂ ಮತ್ತೆ ತುಂಬುತ್ತಿರಬೇಕು.

ಈ ದಾರಿ ಎಣ್ಣೆಯ ಬೆಲೆಗೆ ಕಟ್ಟುಬಿದ್ದದ್ದು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಲೂಟನ್‌ನಿಂದ ನ್ಯೂಯಾರ್ಕಿಗೆ ಹಾರುತ್ತಿದ್ದ ಸಿಲ್ವರ್‌ಜೆಟ್ ಆ ಮೇ ತಿಂಗಳಲ್ಲೇ ನಿಂತುಹೋಗಿತ್ತು, ಅಮೆರಿಕದ ದೊಡ್ಡ ಕಂಪನಿಗಳೂ ಹಾರಾಟ ಕಡಿಮೆ ಮಾಡಿದವು. ಎಣ್ಣೆ ಏರಿದಾಗಲೆಲ್ಲ ಹೀಗೆಯೇ. ಲಾಭ ಕೊಡದ ಮಾರ್ಗ ಮೊದಲು ಹೋಗುತ್ತದೆ, ಉಳಿದದ್ದರ ದರ ಏರುತ್ತದೆ. ನಿನ್ನ ಪೆಟ್ಟಿಗೆ ಹೊರಡುವ ವರ್ಷ ಯಾವುದೋ, ಆಗ ಬೆಲೆ ಎಷ್ಟೋ!

ಇನ್ನು 2020. ಮಾರ್ಚ್ 22ರಿಂದ ಭಾರತ ಹೊರದೇಶದ ವಿಮಾನಗಳನ್ನು ನಿಲ್ಲಿಸಿತು. ಏಪ್ರಿಲ್‌ನಲ್ಲಿ ನಿನ್ನಜ್ಜಿ ಮೈಸೂರಿನಲ್ಲಿ ತೀರಿಕೊಂಡರು. ಟಿಕೆಟ್ಟಿಗೆ ದುಡ್ಡಿತ್ತು, ಪಾಸ್‌ಪೋರ್ಟ್ ಇತ್ತು, ಹೋಗಲು ವಿಮಾನವಿರಲಿಲ್ಲ. ನಾನೂ ನಿನ್ನಮ್ಮನೂ ಫೋನಿನಲ್ಲಿ ಚಿತೆ ನೋಡಿದೆವು. ಅವತ್ತಿನಿಂದ, ಸಾವಿನ ಹೊತ್ತಿನ ಯಾವ ಏರ್ಪಾಡನ್ನೂ ನಾನು ವಿಮಾನದ ಮೇಲೆ ಬಿಡುವುದಿಲ್ಲ.

ಇಂಗ್ಲೆಂಡಿನದೇ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 2016ರಲ್ಲಿ ಕ್ಯಾನ್ಸರ್ ಆಗಿದ್ದ 14 ವರ್ಷದ ಹುಡುಗಿಯೊಬ್ಬಳು ಲಂಡನ್ ಹೈಕೋರ್ಟಿನ ಮೊರೆ ಹೋಗಿ ತನ್ನ ದೇಹವನ್ನು ಹೀಗೆ ಕಾದಿಡಿಸುವ ಅವಕಾಶ ಪಡೆದಳು. ಅಪ್ಪನ ವಿರೋಧವಿತ್ತು, ಅಮ್ಮ ಮಗಳ ಕಡೆ. ದೇಹ ಅಮೆರಿಕಕ್ಕೆ ಹೋಯಿತು. ಆದರೆ ಮಗಳ ಕೊನೆಯ ದಿನ ಆ ತಾಯಿ ಸಾವಿನ ನಂತರದ ಏರ್ಪಾಡಿನಲ್ಲೇ ಮುಳುಗಿದ್ದಳಂತೆ, ಮಗಳಿಗೆ ಪೂರ್ತಿ ಸಿಗಲಿಲ್ಲವಂತೆ. ಆಸ್ಪತ್ರೆಯವರ ಈ ಕಳವಳವನ್ನು ನ್ಯಾಯಾಧೀಶರು ದಾಖಲಿಸಿದ್ದಾರೆ. ತಾಯಿಯದು ತಪ್ಪಲ್ಲ. ಎಲ್ಲವನ್ನೂ ಅವಳೇ, ಆ ಗಳಿಗೆಯಲ್ಲೇ ಹೊರಬೇಕಾಗಿ ಬಂದದ್ದು ತಪ್ಪು.

ಮಾಡುವುದೇ ಆದರೆ ಗಟ್ಟಿಯಾಗಿರುವಾಗಲೇ ಮಾಡಿಡು. ಹತ್ತಿರದ ಜಾಗ ನೋಡು. ಸ್ವಿಟ್ಜರ್ಲೆಂಡಿನ ರಾಫ್ಜ್‌ನಲ್ಲಿ ಈಗ ಇಂಥದೊಂದಿದೆ, ಇಲ್ಲಿಂದ ವ್ಯಾನಿನಲ್ಲೂ ಮುಟ್ಟಬಹುದು. ಸಾಗಣೆಯ ಹಣವನ್ನು ಇವತ್ತಿನ ದರಕ್ಕೆ ಲೆಕ್ಕ ಹಾಕಬೇಡ. ಯಾರು ಫೋನ್ ಮಾಡಬೇಕು, ಯಾರು ಮೊದಲು ಬರಬೇಕು, ಯಾವ ವೈದ್ಯರಿಗೆ ತಿಳಿಸಬೇಕು ಎಂದು ಬರೆದಿಡು. ಆ ಕೆಲಸಕ್ಕೆ ಮನೆಯವರ ಹೆಸರು ಹಾಕಬೇಡ. ನಿನ್ನವರು ಆ ಹೊತ್ತಿನಲ್ಲಿ ನಿನ್ನ ಕೈ ಹಿಡಿದು ಕೂತಿರಲಿ.

ನಿನ್ನಮ್ಮನಿಗೆ ನೀನಿನ್ನೂ ಹೇಳಿಲ್ಲ ಎಂದು ನನಗೆ ಗೊತ್ತು. ಅರ್ಜಿಗೆ ಸಹಿ ಹಾಕುವ ಮೊದಲು ಅವಳನ್ನು ಕರೆದುಕೊಂಡು ಬಾ. ನಾನೂ ಜೊತೆಗಿರುತ್ತೇನೆ.