ದಾಳಿಂಬೆ ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ನೆಚ್ಚಬೇಡಿ

ಮಳೆಗಾಲದಲ್ಲಿ ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಕಡೆ ದಾಳಿಂಬೆ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆ ಹತ್ತಿದಂಥ ಚುಕ್ಕೆ ಕಾಣುತ್ತದೆ. ಹಣ್ಣಿನ ಮೇಲೆ ಅದೇ ಚುಕ್ಕೆ ಕಪ್ಪಾಗಿ, ಸಿಪ್ಪೆ ‘ವೈ’ ಇಲ್ಲವೇ ‘ಎಲ್’ ಅಕ್ಷರದ ಹಾಗೆ ಸೀಳುತ್ತದೆ. ಇದು ಕ್ಸಾಂತೊಮೊನಾಸ್ ದುಂಡಾಣುವಿನ ಅಂಗಮಾರಿ. ಚುಕ್ಕೆ ಕಂಡದ್ದೇ ತಡ, ಸ್ಟ್ರೆಪ್ಟೊಮೈಸಿನ್ ಬೆರೆತ ಪುಡಿ ತಂದು ಹೊಡೆಯುವುದು ರೂಢಿ. ಔಷಧಿ ಬಲವಾದದ್ದೇ. ಆದರೆ ಅದು ಕೊಲ್ಲುವ ಬಗೆಯಲ್ಲೇ ಅದರ ಸೋಲೂ ಅಡಗಿದೆ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಸ್ಟ್ರೆಪ್ಟೊಮೈಸಿನ್ ಎಂಬ ಈ ಅಮೈನೋಗ್ಲೈಕೋಸೈಡ್ ಪ್ರತಿಜೀವಕವನ್ನು ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ ಎಂಬ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದರು. ದುಂಡಾಣುವಿನೊಳಗೆ ಪ್ರೋಟೀನ್ ಕಟ್ಟುವ ರೈಬೋಸೋಮಿನ ಚಿಕ್ಕ ಭಾಗಕ್ಕೆ ಇದು ಅಂಟಿಕೊಂಡು, ವಂಶವಾಹಿಯ ಸಂದೇಶವನ್ನು ತಪ್ಪಾಗಿ ಓದಿಸುತ್ತದೆ. ಕೆಟ್ಟ ಪ್ರೋಟೀನುಗಳು ಸೇರಿ ಕೋಶದ ಪೊರೆ ಸೋರತೊಡಗುತ್ತದೆ, ಔಷಧಿ ಇನ್ನಷ್ಟು ಒಳನುಗ್ಗಿ ದುಂಡಾಣು ಸಾಯುತ್ತದೆ. ಶಿಲೀಂಧ್ರದ ರೈಬೋಸೋಮಿನ ರಚನೆಯೇ ಬೇರೆ. ಶಿಲೀಂಧ್ರದ ಚುಕ್ಕೆಗೆ ಇದನ್ನು ಹೊಡೆದರೆ ಹಣ ಹೋದಂತೆಯೇ. ದುಂಡಾಣುವಿನಲ್ಲೂ ಔಷಧಿ ಅಂಟುವ ಜಾಗದ ಒಂದು ಪ್ರೋಟೀನಿನಲ್ಲಿ ಒಂದೇ ಅಮೈನೋ ಆಮ್ಲ ಬದಲಾದರೂ ಔಷಧಿ ನಾಟುವುದಿಲ್ಲ. ಬೇರೆ ಕೆಲವು ದುಂಡಾಣುಗಳು ಔಷಧಿಯನ್ನೇ ನಿಷ್ಕ್ರಿಯಗೊಳಿಸುವ ಜೀನ್‌ಗಳನ್ನು ಒಂದರಿಂದೊಂದಕ್ಕೆ ದಾಟಿಸುತ್ತವೆ. ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ ಮತ್ತೆಮತ್ತೆ ಹೊಡೆದದ್ದರ ಫಲವಾಗಿ 1970ರ ದಶಕದ ಆರಂಭದಲ್ಲೇ ಅಲ್ಲಿನ ಪೇರ್ ರೋಗದ ದುಂಡಾಣು ಇದಕ್ಕೆ ಬಗ್ಗದಾಯಿತು.

‘ಹೊಡೆದ ಮೇಲೆ ಚುಕ್ಕೆ ನಿಂತಿತಲ್ಲ’ ಎನ್ನುವವರಿದ್ದಾರೆ. ಎಲೆಯ ಮೇಲ್ಮೈಯ ದುಂಡಾಣು ಕಡಿಮೆಯಾಗುವುದು ನಿಜ; ಮಳೆ ಬಿಟ್ಟರೂ ರೋಗ ತಗ್ಗುತ್ತದೆ ಎಂಬುದನ್ನು ಮರೆಯಬಾರದು. ಕಾಂಡದ ಗಾಯದೊಳಗೆ ಕುಳಿತದ್ದು ಮುಂದಿನ ಮಳೆಯ ಹನಿಯೊಂದಿಗೆ ಮತ್ತೆ ಚಿಮ್ಮುತ್ತದೆ. ‘ಇಷ್ಟು ಕಡಿಮೆ ಪ್ರಮಾಣದಿಂದ ಏನು ಹಾನಿ’ ಎಂಬ ಮಾತೂ ಇದೆ. ಸಾಯಿಸಲು ಸಾಲದ ಪ್ರಮಾಣದಲ್ಲೇ ಔಷಧಿಯನ್ನು ತಡೆಯುವ ಶಕ್ತಿಯುಳ್ಳ ದುಂಡಾಣುಗಳು ಉಳಿದು ಹೆಚ್ಚುವುದು. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯಕ್ಕೂ ಕೊಡುವ ಮದ್ದಾದ್ದರಿಂದ ಈ ತಡೆಶಕ್ತಿ ಆತಂಕದ ಸಂಗತಿ. ಕೃಷಿಯಲ್ಲಿ ಇದರ ಬಳಕೆ ನಿಲ್ಲಿಸಲು ಕೇಂದ್ರ ಸರಕಾರ 2021ರಲ್ಲಿ ಕರಡು ಆದೇಶ ಹೊರಡಿಸಿದ್ದೂ ಈ ಆತಂಕದಿಂದಲೇ. ಹಾಗಾದರೆ ಬದಲಿ ಏನು? ರೋಗದ ಟೊಂಗೆಯನ್ನು ಗಾಯದಿಂದ ಎರಡು ಅಂಗುಲ ಕೆಳಗೆ ಕತ್ತರಿಸಿ ಸುಡಿ. ಚಾಟನಿಯ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಕತ್ತರಿಸಿದ ಕೂಡಲೇ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ. ಮಳೆಯಲ್ಲೇ ಕಾಯಿ ಬಲಿಯುವ ಮೃಗ ಬಹಾರದ ಹಂಗಾಮು ಬಿಟ್ಟು, ಮಳೆ ತಗ್ಗುವಾಗ ಹೂ ಬಿಡಿಸುವ ಹಸ್ತ ಬಹಾರ ಹಿಡಿಯುವುದು ಎಲ್ಲಕ್ಕಿಂತ ದೊಡ್ಡ ಲಾಭ, ಏಕೆಂದರೆ ಕಾಯಿ ಬೆಳೆಯುವ ತಿಂಗಳುಗಳಲ್ಲಿ ರೋಗ ಹರಡಲು ಬೇಕಾದ ಮಳೆ ಕಡಿಮೆ ಇರುತ್ತದೆ.